ಗಿಂಡಿಗೆ ಹೋದ ಮಸೂದೆಗಳು: ಸಂವಿಧಾನದ ಮೂಲ ಅರ್ಥ ಹುಡುಕುವುದು ಹೇಗೆ?

ತಮಿಳುನಾಡಿನ ವಿಧಾನಸಭೆ ಇರುವುದು ಚೆನ್ನೈನ ಸೇಂಟ್ ಜಾರ್ಜ್ ಕೋಟೆಯಲ್ಲಿ. ಅಲ್ಲಿ ಅಂಗೀಕಾರವಾದ ಮಸೂದೆ ಕಾನೂನಾಗಬೇಕಾದರೆ ನಗರದ ದಕ್ಷಿಣಕ್ಕಿರುವ ಗಿಂಡಿಯಲ್ಲಿ, 2025ರವರೆಗೆ ರಾಜಭವನವೆನಿಸಿದ್ದ ರಾಜ್ಯಪಾಲರ ನಿವಾಸಕ್ಕೆ ಹೋಗಿ ಅವರ ಅಂಕಿತ ಪಡೆಯಬೇಕು. 2020ರ ಜನವರಿಯಿಂದ 2023ರ ಏಪ್ರಿಲ್‌ವರೆಗೆ ಹಾಗೆ ಹೋದ ಹನ್ನೆರಡು ಮಸೂದೆಗಳು ಅಲ್ಲೇ ಉಳಿದುಬಿಟ್ಟವು. ಅಂಕಿತವೂ ಬೀಳಲಿಲ್ಲ, ವಾಪಸೂ ಬರಲಿಲ್ಲ. ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ವ್ಯಾಜ್ಯ ಬೆಳೆಯುತ್ತ ಹೋಗಿ ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ: ಸಂವಿಧಾನ ಬರೆದವರು ರಾಜ್ಯಪಾಲರಿಗೆ ನಿಜವಾಗಿ ಎಷ್ಟು ಅಧಿಕಾರ ಕೊಟ್ಟಿದ್ದರು?

ಅಮೆರಿಕದಲ್ಲಿ ಇಂಥ ಪ್ರಶ್ನೆಗಳ ಸುತ್ತ ನಲವತ್ತು ವರ್ಷಗಳಿಂದ ರಾಜಕೀಯವೇ ತಿರುಗುತ್ತಿದೆ. 1787ರಲ್ಲಿ ಬರೆದ ವಾಕ್ಯಕ್ಕೆ ಅಂದಿನ ಅರ್ಥವನ್ನೇ ಕೊಡಬೇಕೇ, ಇಂದಿನ ಬದುಕಿಗೆ ತಕ್ಕಂತೆ ಓದಬೇಕೇ ಎಂಬುದರ ಮೇಲೆ ಅಲ್ಲಿ ನ್ಯಾಯಮೂರ್ತಿಗಳ ನೇಮಕ ನಡೆಯುತ್ತದೆ, ಚುನಾವಣೆಯ ಪ್ರಚಾರವೂ ನಡೆಯುತ್ತದೆ. ನಮ್ಮಲ್ಲಿ ಈ ಚರ್ಚೆಗೆ ಅಷ್ಟು ದೊಡ್ಡ ಹೆಸರಿಲ್ಲ, ಆದರೆ ಚರ್ಚೆ ಮಾತ್ರ ಇದೆ. ಗಿಂಡಿಯ ಪ್ರಕರಣವನ್ನು ಹಿಡಿದು ಅದು ನಡೆಯುವ ಬಗೆಯನ್ನು ಇಲ್ಲಿ ನೋಡೋಣ.

ಮಸೂದೆ ಹೋಗುವ ದಾರಿ

ಸಂವಿಧಾನದ 200ನೇ ವಿಧಿ ಈ ದಾರಿಯನ್ನು ಹೇಳುತ್ತದೆ. ಶಾಸಕಾಂಗ ಒಪ್ಪಿದ ಮಸೂದೆ ಕೈಗೆ ಬಂದಾಗ ರಾಜ್ಯಪಾಲರು ಅಂಕಿತ ಹಾಕಬಹುದು, ಅಂಕಿತ ತಡೆಹಿಡಿಯಬಹುದು, ಇಲ್ಲವೇ ಅದನ್ನು ರಾಷ್ಟ್ರಪತಿಯ ಪರಿಶೀಲನೆಗೆ ಕಾಯ್ದಿರಿಸಬಹುದು. ಇದರ ಕೆಳಗೆ ಒಂದು ಪರಂತುಕ, ಅಂದರೆ ಷರತ್ತಿನ ವಾಕ್ಯ, ಇದೆ. ಹಣಕಾಸು ಮಸೂದೆಯಲ್ಲದಿದ್ದರೆ, ಮರುಪರಿಶೀಲನೆ ಕೋರಿ ಅದನ್ನು ಸಾಧ್ಯವಾದಷ್ಟು ಬೇಗ ಶಾಸಕಾಂಗಕ್ಕೆ ಹಿಂದಿರುಗಿಸಬಹುದು. ಶಾಸಕಾಂಗ ಅದನ್ನು ಬದಲಾವಣೆಯೊಂದಿಗೋ ಬದಲಾವಣೆಯಿಲ್ಲದೆಯೋ ಮತ್ತೆ ಅಂಗೀಕರಿಸಿ ಕಳಿಸಿದರೆ ರಾಜ್ಯಪಾಲರು ಅಂಕಿತ ತಡೆಯುವಂತಿಲ್ಲ. ಇನ್ನೊಂದು ಪರಂತುಕದ ಪ್ರಕಾರ, ಹೈಕೋರ್ಟಿನ ಸ್ಥಾನಮಾನಕ್ಕೆ ಧಕ್ಕೆ ತರುವಷ್ಟು ಅದರ ಅಧಿಕಾರವನ್ನು ಕುಗ್ಗಿಸುವ ಮಸೂದೆಯನ್ನು ರಾಷ್ಟ್ರಪತಿಗೆ ಕಾಯ್ದಿರಿಸಲೇಬೇಕು.

ಹಾಗೆ ಕಾಯ್ದಿರಿಸಿದ ಮಸೂದೆಯ ಗತಿಯನ್ನು 201ನೇ ವಿಧಿ ಹೇಳುತ್ತದೆ. ರಾಷ್ಟ್ರಪತಿ ಅದನ್ನು ಹಿಂದಿರುಗಿಸಿದರೆ ಶಾಸಕಾಂಗ ಆರು ತಿಂಗಳೊಳಗೆ ಮರುಪರಿಶೀಲಿಸಬೇಕು. ಗಡುವು ಇರುವುದು ಶಾಸಕಾಂಗಕ್ಕೆ ಮಾತ್ರ. ರಾಷ್ಟ್ರಪತಿಗೆ ಗಡುವಿಲ್ಲ, 200ನೇ ವಿಧಿಯಲ್ಲಿ ರಾಜ್ಯಪಾಲರಿಗೂ ಇಲ್ಲ. ಸಂಸತ್ತಿನ ಮಸೂದೆಗಳ ವಿಷಯ ಹೇಳುವ 111ನೇ ವಿಧಿಯೂ ಹೀಗೆಯೇ. ಸಂಸತ್ತು ಒಪ್ಪಿದ್ದ 1986ರ ಅಂಚೆ ಕಚೇರಿ ತಿದ್ದುಪಡಿ ಮಸೂದೆಯನ್ನು ರಾಷ್ಟ್ರಪತಿ ಜೈಲ್ ಸಿಂಗ್ ಅಂಕಿತವನ್ನೂ ಹಾಕದೆ, ಹಿಂದಿರುಗಿಸದೆ ಇಟ್ಟುಕೊಂಡರು. ಜನರ ಪತ್ರಗಳನ್ನು ಸರ್ಕಾರ ತೆರೆದು ನೋಡಲು ಆ ಮಸೂದೆ ಅವಕಾಶ ಕೊಡುತ್ತಿತ್ತು. ಆದ್ದರಿಂದ ಅಂದು ಆ ಮೌನವನ್ನು ಅನೇಕರು ಮೆಚ್ಚಿದರು. ಆದರೆ ಅಂಥದೇ ಮೌನ ಇನ್ನೊಂದು ಕಾಲದಲ್ಲಿ, ಇನ್ನೊಬ್ಬರ ಕೈಯಲ್ಲಿ ಚುನಾಯಿತ ಸಭೆಯನ್ನೇ ನಿಲ್ಲಿಸಿಬಿಡಬಹುದು.

ಗಿಂಡಿಯಲ್ಲಿ ನಡೆದದ್ದು

ಸ್ವಾತಂತ್ರ್ಯಕ್ಕೆ ಮೊದಲು ಗಿಂಡಿಯ ಈ ತೋಟದ ಮನೆ ಮದ್ರಾಸಿನ ಗವರ್ನರುಗಳ ವಿಶ್ರಾಂತಿಯ ತಾಣವಾಗಿತ್ತು. ಕನ್ನಡಿಗರಿಗೂ ಈ ವಿಳಾಸ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಮಂಗಳೂರು, ಕಾಸರಗೋಡು, ಕೊಳ್ಳೇಗಾಲಗಳ ಕಾನೂನು ರೂಪುಗೊಳ್ಳುತ್ತಿದ್ದುದು ಮದ್ರಾಸಿನಲ್ಲೇ, ಅದಕ್ಕೆ ಅಂಕಿತ ಹಾಕುತ್ತಿದ್ದವರು ಅಲ್ಲಿನ ರಾಜ್ಯಪಾಲರೇ.

ಈಗಿನ ವ್ಯಾಜ್ಯಕ್ಕೆ ಕಾರಣವಾದ ಮಸೂದೆಗಳಲ್ಲಿ ಹೆಚ್ಚಿನವು ವಿಶ್ವವಿದ್ಯಾಲಯಗಳಿಗೆ ಸಂಬಂಧಿಸಿದವು. ಕುಲಪತಿಗಳನ್ನು ನೇಮಿಸುವ ಅಧಿಕಾರವನ್ನು ರಾಜ್ಯಪಾಲರ ಕೈಯಿಂದ ರಾಜ್ಯ ಸರ್ಕಾರಕ್ಕೆ ವರ್ಗಾಯಿಸುವುದು ಅವುಗಳ ಮುಖ್ಯ ಉದ್ದೇಶ. ಈ ಜಗಳದ ಬೇರು ಹಳೆಯದು. 2018ರ ಏಪ್ರಿಲ್‌ನಲ್ಲಿ ರಾಜ್ಯಪಾಲ ಬನ್ವಾರಿಲಾಲ್ ಪುರೋಹಿತ್ ಅವರು ಗಿಂಡಿಯಲ್ಲೇ ಇರುವ ಅಣ್ಣಾ ವಿಶ್ವವಿದ್ಯಾಲಯಕ್ಕೆ ಕರ್ನಾಟಕದ ಎಂ.ಕೆ. ಸೂರಪ್ಪ ಅವರನ್ನು ಕುಲಪತಿಯಾಗಿ ನೇಮಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ, ರೋಪರ್ ಐಐಟಿಯ ನಿರ್ದೇಶಕರಾಗಿ ದುಡಿದ ವಿಜ್ಞಾನಿ ಅವರು. ಕಾವೇರಿ ವಿವಾದ ಕಾವೇರಿದ್ದ ದಿನಗಳಾದ್ದರಿಂದ ತಮಿಳುನಾಡಿನ ಪಕ್ಷಗಳು ಈ ನೇಮಕವನ್ನು ಕಟುವಾಗಿ ವಿರೋಧಿಸಿದವು. ವ್ಯಕ್ತಿಯ ವಿಷಯ ಬದಿಗಿಟ್ಟು ನೋಡಿದರೂ ಪ್ರಶ್ನೆ ಉಳಿಯುತ್ತಿತ್ತು: ರಾಜ್ಯದ ವಿಶ್ವವಿದ್ಯಾಲಯಕ್ಕೆ ಮುಖ್ಯಸ್ಥರನ್ನು ಆರಿಸಬೇಕಾದವರು ಯಾರು?

ಬಾಕಿ ಮಸೂದೆಗಳ ಕುರಿತ ಅರ್ಜಿಯ ಮೇಲೆ 2023ರ ನವೆಂಬರ್ 10ರಂದು ಸುಪ್ರೀಂ ಕೋರ್ಟ್ ನೋಟಿಸ್ ನೀಡಿತು. ಮೂರೇ ದಿನಕ್ಕೆ, ನವೆಂಬರ್ 13ರಂದು, ಆಗಿನ ರಾಜ್ಯಪಾಲ ಆರ್.ಎನ್. ರವಿ ಹತ್ತು ಮಸೂದೆಗಳಿಗೆ ಅಂಕಿತ ತಡೆಹಿಡಿದರು. ಉಳಿದ ಎರಡು ಆ ವೇಳೆಗೆ ರಾಷ್ಟ್ರಪತಿಯ ಬಳಿ ಹೋಗಿದ್ದವು. ನವೆಂಬರ್ 18ರಂದು ವಿಧಾನಸಭೆ ವಿಶೇಷ ಅಧಿವೇಶನ ಕರೆದು ಹತ್ತನ್ನೂ ಮತ್ತೆ ಅಂಗೀಕರಿಸಿ ಕಳಿಸಿತು. ಪರಂತುಕದ ಪ್ರಕಾರ ಈಗ ಅಂಕಿತ ಬೀಳಬೇಕಿತ್ತು. ನವೆಂಬರ್ 28ರಂದು ರಾಜ್ಯಪಾಲರು ಹತ್ತನ್ನೂ ರಾಷ್ಟ್ರಪತಿಗೆ ಕಾಯ್ದಿರಿಸಿದರು. ಎರಡನೇ ಸಲ ಬಂದ ಮಸೂದೆಯನ್ನು ಹೀಗೆ ಕಾಯ್ದಿರಿಸಬಹುದೇ? ಒಂದು ಮಸೂದೆಯನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದು? ಮಂತ್ರಿಮಂಡಲದ ಸಲಹೆಯನ್ನು ಮೀರಬಹುದೇ? ಮೂರಕ್ಕೂ 200ನೇ ವಿಧಿಯಲ್ಲಿ ನೇರ ಉತ್ತರವಿಲ್ಲ. ಬರೆದವರ ಮನಸ್ಸಿನಲ್ಲಿ ಏನಿತ್ತು ಎಂಬ ಹುಡುಕಾಟ ಇಲ್ಲಿಂದ ಶುರುವಾಗುತ್ತದೆ.

ಅಮೆರಿಕದವರು ಹುಡುಕುವ ಬಗೆ

ಅಮೆರಿಕದ ಸಂವಿಧಾನಕ್ಕೆ ಸಹಿ ಬಿದ್ದದ್ದು 1787ರ ಸೆಪ್ಟೆಂಬರ್ 17ರಂದು, ಫಿಲಡೆಲ್ಫಿಯಾದಲ್ಲಿ. ಆ ಸಭೆ ನಡೆದದ್ದು ಮುಚ್ಚಿದ ಬಾಗಿಲ ಹಿಂದೆ. ಒಳಗಿನ ಮಾತುಕತೆಗೆ ಅತ್ಯಂತ ವಿವರವಾದ ದಾಖಲೆಯೆಂದರೆ ಜೇಮ್ಸ್ ಮ್ಯಾಡಿಸನ್ ಬರೆದಿಟ್ಟ ಟಿಪ್ಪಣಿಗಳು. ಅವು ಅಚ್ಚಾದದ್ದು ಅವನ ಮರಣದ ನಂತರ, 1840ರಲ್ಲಿ. ಹೀಗಾಗಿ ಬರೆದವರ ಉದ್ದೇಶ ಏನಿತ್ತೆಂದು ಖಚಿತವಾಗಿ ತೋರಿಸುವುದು ಅಲ್ಲಿ ಕಷ್ಟ.

1985ರಲ್ಲಿ ಅಟಾರ್ನಿ ಜನರಲ್ ಎಡ್ವಿನ್ ಮೀಸ್ ಅವರು ನ್ಯಾಯಾಲಯಗಳು ರಚನಾಕಾರರ ಮೂಲ ಉದ್ದೇಶಕ್ಕೇ ನಿಷ್ಠವಾಗಿರಬೇಕು ಎಂದು ಸಾರ್ವಜನಿಕವಾಗಿ ವಾದಿಸಿದರು. ಎರಡು ಶತಮಾನದ ಹಿಂದಿನವರ ಮನಸ್ಸನ್ನು ನಿಖರವಾಗಿ ಓದಬಲ್ಲೆವೆಂಬುದು ಸರಿಯಲ್ಲ ಎಂದು ನ್ಯಾಯಮೂರ್ತಿ ವಿಲಿಯಂ ಬ್ರೆನನ್ ಅದೇ ವರ್ಷ ಉತ್ತರ ಕೊಟ್ಟರು. ಈ ಟೀಕೆಯ ನಂತರ, ಮೂಲಾರ್ಥವಾದಿಗಳೆನಿಸಿಕೊಂಡ ಮೀಸ್ ಪಂಥದವರು ತಮ್ಮ ನೆಲೆಯನ್ನು ಸ್ವಲ್ಪ ಬದಲಿಸಿದರು. ಬರೆದವರ ಮನಸ್ಸು ಬೇಡ, ಆ ಕಾಲದ ಸಾಮಾನ್ಯ ಓದುಗ ಆ ಪದಗಳನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಿದ್ದನೋ ಅದು ಸಾಕು ಎಂದರು. 1986ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಆಂಟೊನಿನ್ ಸ್ಕಲಿಯಾ ಇದರ ಪ್ರಬಲ ಪ್ರತಿಪಾದಕರಾದರು. 1987ರಲ್ಲಿ ಇದೇ ಪಂಥದ ರಾಬರ್ಟ್ ಬೋರ್ಕ್ ಅವರ ನೇಮಕವನ್ನು ಸೆನೆಟ್ 58–42 ಮತಗಳಿಂದ ತಿರಸ್ಕರಿಸಿತು.

ಈ ವಿಧಾನದ ಬಲವೂ ಮಿತಿಯೂ ಎರಡು ತೀರ್ಪುಗಳಲ್ಲಿ ಕಾಣುತ್ತವೆ. 2008ರ ಹೆಲ್ಲರ್ ಪ್ರಕರಣದಲ್ಲಿ, ಬಂದೂಕು ಇಟ್ಟುಕೊಳ್ಳುವ ಹಕ್ಕು ಪ್ರತಿ ವ್ಯಕ್ತಿಗೂ ಇದೆಯೋ, ನಾಗರಿಕ ಸೇನೆಗೆ ಸಂಬಂಧಿಸಿದಷ್ಟು ಮಾತ್ರವೋ ಎಂಬುದು ಪ್ರಶ್ನೆ. ಬಹುಮತದ ಪರ ಸ್ಕಲಿಯಾ ಬರೆದರು, ಭಿನ್ನಮತದ ಪರ ಜಾನ್ ಪಾಲ್ ಸ್ಟೀವನ್ಸ್. ಇಬ್ಬರೂ 18ನೇ ಶತಮಾನದ ದಾಖಲೆಗಳನ್ನೇ ಓದಿ, ತದ್ವಿರುದ್ಧ ತೀರ್ಮಾನಕ್ಕೆ ಬಂದರು. ತೀರ್ಪು ಬಂದದ್ದು 5–4ರಲ್ಲಿ. 2022ರ ಡಾಬ್ಸ್ ತೀರ್ಪು, ದೇಶದ ಇತಿಹಾಸ ಮತ್ತು ಪರಂಪರೆಯಲ್ಲಿ ಗರ್ಭಪಾತದ ಹಕ್ಕಿಗೆ ಬೇರಿಲ್ಲ ಎಂದು ಹೇಳಿ 1973ರ ರೋ ತೀರ್ಪನ್ನು ರದ್ದು ಮಾಡಿತು. ಆ ಇತಿಹಾಸ ರೂಪುಗೊಂಡಾಗ ಹೆಣ್ಣುಮಕ್ಕಳಿಗೆ ಮತವೇ ಇರಲಿಲ್ಲ. ಲಿಂಗದ ಕಾರಣಕ್ಕೆ ಮತ ನಿರಾಕರಿಸಬಾರದೆಂಬ ತಿದ್ದುಪಡಿ ಬಂದದ್ದು 1920ರಲ್ಲಿ. ಯಾರ ಅರ್ಥವನ್ನು ಮೂಲ ಅರ್ಥವೆನ್ನುತ್ತೇವೆ ಎಂಬ ಪ್ರಶ್ನೆ ಈ ವಿಧಾನವನ್ನು ಬಿಟ್ಟು ಹೋಗುವುದಿಲ್ಲ.

ಈ ಚರ್ಚೆ ಕನ್ನಡದ ಮನೆಗಳನ್ನೂ ತಟ್ಟಿದೆ. ಅಮೆರಿಕದ ನೆಲದಲ್ಲಿ ಹುಟ್ಟಿ ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟವರು ಅಲ್ಲಿನ ಪ್ರಜೆಗಳು ಎನ್ನುವುದು 1868ರ 14ನೇ ತಿದ್ದುಪಡಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಪ್ರಜೆಯೇ ಎಂದು ಸುಪ್ರೀಂ ಕೋರ್ಟ್ 1898ರಲ್ಲಿ ಹೇಳಿತು. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ, ತಾತ್ಕಾಲಿಕ ವೀಸಾದಲ್ಲಿರುವ ತಾಯಿಗೆ ಹುಟ್ಟಿದ ಮಗುವಿಗೆ, ತಂದೆಯೂ ಪ್ರಜೆಯೋ ಕಾಯಂ ನಿವಾಸಿಯೋ ಅಲ್ಲದಿದ್ದರೆ, ಈ ಹಕ್ಕಿಲ್ಲ ಎಂದಿತು. ಕೆಳಗಿನ ನ್ಯಾಯಾಲಯಗಳು ಅದನ್ನು ತಡೆದವು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಎಚ್-1ಬಿ ವೀಸಾದಲ್ಲಿ ಬೆಂಗಳೂರಿನಿಂದ ಹೋದ ದಂಪತಿಯ ಮಗುವಿನ ಪೌರತ್ವ, 1868ರಲ್ಲಿ ಆ ಮಾತಿಗೆ ಏನು ಅರ್ಥವಿತ್ತು ಎಂಬ ವಾದದ ಮೇಲೆ ನಿಂತುಬಿಟ್ಟಿತು.

ಮಂಗಳೂರಿನಿಂದ ಹೋದ ಇಬ್ಬರು

ನಮ್ಮ ಸಂವಿಧಾನಕ್ಕೂ ಅಮೆರಿಕದ್ದಕ್ಕೂ ನೇರ ಕೊಂಡಿಯಾಗಿದ್ದವರು ಬೆನಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದರು. 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಡನೆ ಚರ್ಚಿಸಿದರು. ಡ್ಯೂ ಪ್ರೋಸೆಸ್ (ನ್ಯಾಯಬದ್ಧ ಕಾರ್ಯವಿಧಾನ) ಎಂಬ ಮಾತನ್ನು ಹಿಡಿದು ಅಮೆರಿಕದ ನ್ಯಾಯಾಲಯ ಜನಪರ ಕಾನೂನುಗಳನ್ನೂ ಹೊಡೆದುಹಾಕಿದ ಇತಿಹಾಸವಿತ್ತು. ಬೇಕರಿ ಕೆಲಸಗಾರರಿಗೆ ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಮೆ ಬೇಡವೆಂದ ನ್ಯೂಯಾರ್ಕಿನ ಕಾನೂನು 1905ರ ಲಾಕ್ನರ್ ತೀರ್ಪಿನಲ್ಲಿ ಬಿದ್ದುಹೋಗಿತ್ತು. ಚುನಾಯಿತರು ಮಾಡಿದ ಕಾನೂನನ್ನು ನ್ಯಾಯಾಧೀಶರು ತಮ್ಮ ಇಷ್ಟದಂತೆ ತಳ್ಳಿಹಾಕುವಷ್ಟು ಅಧಿಕಾರ ಬೇಡವೆಂಬುದು ಫ್ರಾಂಕ್‌ಫರ್ಟರ್ ಸಲಹೆ. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ನಮ್ಮ 21ನೇ ವಿಧಿಯಲ್ಲಿ ಆ ಮಾತಿನ ಬದಲು ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ ಎಂಬ ಮಾತು ಬಂತು. ಅದರ ಮೂಲ 1946ರ ಜಪಾನಿನ ಸಂವಿಧಾನದಲ್ಲಿದೆ.

ಈ ಆಯ್ಕೆಯ ಪರಿಣಾಮ ಮೊದಲು ಕಂಡದ್ದು ಮದ್ರಾಸಿನ ಪ್ರಕರಣದಲ್ಲಿ. ಮುಂದೆ ಕಾಸರಗೋಡಿನಿಂದ ಮೂರು ಸಲ ಲೋಕಸಭೆಗೆ ಆರಿಸಿಬಂದ ಎ.ಕೆ. ಗೋಪಾಲನ್ ಆಗ ಮದ್ರಾಸ್ ರಾಜ್ಯದಲ್ಲಿ ಮುನ್ನೆಚ್ಚರಿಕೆ ಬಂಧನದಲ್ಲಿದ್ದರು. 1950ರ ಮೇ 19ರಂದು ಸುಪ್ರೀಂ ಕೋರ್ಟಿನ ಬಹುಮತ, ರಚನಾ ಸಭೆ ಡ್ಯೂ ಪ್ರೋಸೆಸ್ ಎಂಬ ಮಾತನ್ನು ಬೇಕೆಂದೇ ಬಿಟ್ಟಿದೆ, ಆದ್ದರಿಂದ ಕಾನೂನಿನ ಕ್ರಮ ಪಾಲಿಸಿದರೆ ಸಾಕು, ಆ ಕ್ರಮ ನ್ಯಾಯವಾದದ್ದೇ ಎಂದು ತಾನು ಕೇಳುವುದಿಲ್ಲ ಎಂದಿತು. ಫಜಲ್ ಅಲಿ ಒಪ್ಪದೆ ಭಿನ್ನ ತೀರ್ಪು ಬರೆದರು. ಇಪ್ಪತ್ತೆಂಟು ವರ್ಷಗಳ ನಂತರ, 1978ರ ಮೇನಕಾ ಗಾಂಧಿ ತೀರ್ಪು, ಕಾರ್ಯವಿಧಾನ ನ್ಯಾಯಯುತವೂ ಸಮಂಜಸವೂ ಆಗಿರಲೇಬೇಕೆಂದು ಹೇಳಿ ಆ ಓದನ್ನು ಬದಲಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವೂ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ರಚನಾ ಸಭೆ ಅದನ್ನು ಹಕ್ಕುಗಳ ಪಟ್ಟಿಗೆ ಸೇರಿಸಿರಲಿಲ್ಲವೆಂಬ ಸರ್ಕಾರದ ವಾದ ನಿಲ್ಲಲಿಲ್ಲ. ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪ್ರಜೆಯ ಹಕ್ಕಿನ ವಿಷಯದಲ್ಲಿ ನಮ್ಮ ನ್ಯಾಯಾಲಯ 1949ಕ್ಕೆ ಕಟ್ಟುಬಿದ್ದಿಲ್ಲ.

ಎರಡನೆಯವರು ಹರಿ ವಿಷ್ಣು ಕಾಮತ್. ಹುಟ್ಟಿದ್ದು ಮಂಗಳೂರಿನಲ್ಲಿ, 1907ರಲ್ಲಿ. ಐಸಿಎಸ್ ಹುದ್ದೆ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದ ಅವರು ರಚನಾ ಸಭೆಯಲ್ಲಿ ಪ್ರತಿ ಪದವನ್ನೂ ಕೆದಕಿ ಕೇಳುತ್ತಿದ್ದ ಸದಸ್ಯ. ಗಿಂಡಿಯ ವ್ಯಾಜ್ಯದ ತಿರುಳನ್ನು ಅವರು 1949ರಲ್ಲೇ ಗುರುತಿಸಿದ್ದರು.

200ನೇ ವಿಧಿ ಹುಟ್ಟಿದ ಬಗೆ

ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೆಯ 75ನೇ ಕಲಂನಲ್ಲಿ ಅಂಕಿತದ ಅಧಿಕಾರ ಗವರ್ನರನ ಸ್ವಂತ ವಿವೇಚನೆಗೆ ಬಿಟ್ಟದ್ದಾಗಿತ್ತು. ಅವನು ಸಾಮ್ರಾಜ್ಯದ ಪ್ರತಿನಿಧಿ, ಚುನಾಯಿತ ಸಭೆಯ ಮೇಲಿನ ಕಾವಲುಗಾರ. 1948ರ ಕರಡು ಸಂವಿಧಾನದ 175ನೇ ವಿಧಿಯಲ್ಲೂ, ಮಸೂದೆ ಹಿಂದಿರುಗಿಸುವುದು ರಾಜ್ಯಪಾಲರ ವಿವೇಚನೆ ಎಂಬ ಮಾತು ಉಳಿದಿತ್ತು. ಆ ಹಂತದಲ್ಲಿ ಚುನಾಯಿತ ರಾಜ್ಯಪಾಲರ ಯೋಚನೆಯೂ ಇತ್ತು. 1949ರ ಮೇ ಕೊನೆಯಲ್ಲಿ ಸಭೆ ಅದನ್ನು ಕೈಬಿಟ್ಟು, ರಾಷ್ಟ್ರಪತಿ ನೇಮಿಸುವ ರಾಜ್ಯಪಾಲರನ್ನು ಒಪ್ಪಿತು. ಜನರಿಂದ ಆರಿಸಿಬಾರದವರ ಕೈಗೆ ದೊಡ್ಡ ಅಧಿಕಾರ ಕೊಡುವುದು ಸಲ್ಲದೆಂಬ ತಿಳಿವಳಿಕೆ ಆ ನಿರ್ಧಾರದ ಹಿಂದಿತ್ತು. ಎರಡು ತಿಂಗಳ ನಂತರ 175ನೇ ವಿಧಿ ಚರ್ಚೆಗೆ ಬಂದಾಗ ಅಂಬೇಡ್ಕರ್ ಹೊಸ ಪರಂತುಕ ಮಂಡಿಸಿದರು. ವಿವೇಚನೆಯ ಮಾತು ಅದರಲ್ಲಿರಲಿಲ್ಲ. ಜವಾಬ್ದಾರಿ ಸರ್ಕಾರವಿರುವ ಕಡೆ ರಾಜ್ಯಪಾಲರು ತಮ್ಮ ವಿವೇಚನೆಯಂತೆ ನಡೆಯಲು ಎಡೆಯಿಲ್ಲವೆಂಬ ಕಾರಣವನ್ನೂ ಅವರು ಕೊಟ್ಟರು.

ಇಷ್ಟೇ ನೋಡಿದರೆ ಮೂಲ ಅರ್ಥ ಪೂರ್ತಿ ರಾಜ್ಯಗಳ ಪರ ಎನಿಸುತ್ತದೆ. ಆದರೆ ಅದೇ ವರ್ಷದ ಮೇ 20ರ ಚರ್ಚೆಯನ್ನೂ ಓದಬೇಕು. ರಾಷ್ಟ್ರಪತಿಯ ಅಂಕಿತದ ಕುರಿತ ಕರಡು 91ನೇ ವಿಧಿಯಲ್ಲಿ, ಮಸೂದೆಯನ್ನು ಆರು ವಾರದೊಳಗೆ ಹಿಂದಿರುಗಿಸಬೇಕು ಎಂಬ ಗಡುವಿತ್ತು. ಅದನ್ನು ತೆಗೆದು, ಸಾಧ್ಯವಾದಷ್ಟು ಬೇಗ ಎಂಬ ಮಾತು ಸೇರಿಸಲು ತಿದ್ದುಪಡಿ ಬಂತು. ಕಾಮತ್ ವಿರೋಧಿಸಿದರು. ಖಚಿತ ಗಡುವು ಬಿಟ್ಟು ಇಂಥ ಸಡಿಲ ಮಾತು ಹಾಕಿದರೆ ಅದಕ್ಕೆ ಅರ್ಥವೇ ಇರದು ಎಂಬುದು ಅವರ ಆಕ್ಷೇಪ. ಸಭೆ ಅವರ ಮಾತು ಒಪ್ಪಲಿಲ್ಲ. ರಾಜ್ಯಪಾಲರ ವಿಧಿಗೂ ಮುಂದೆ ಅದೇ ಸಡಿಲ ಮಾತು ಬಂತು.

ಹೀಗೆ 1949ರ ಕಡತ ಎರಡು ಸಾಕ್ಷ್ಯ ಹೇಳುತ್ತದೆ. ವಿವೇಚನೆಯನ್ನು ತೆಗೆದದ್ದು ರಾಜ್ಯಗಳ ವಾದಕ್ಕೆ ಬಲ. ಗಡುವನ್ನು ತೆಗೆದದ್ದು ರಾಜಭವನದ ವಾದಕ್ಕೆ ಬಲ. ಎರಡರಲ್ಲಿ ಒಂದನ್ನೇ ಎತ್ತಿ ತೋರಿಸಿ ಇದೇ ಮೂಲ ಅರ್ಥವೆಂದರೆ ಅದು ಅರ್ಧ ಓದು.

ಒಂದೇ ವರ್ಷ, ಎರಡು ಉತ್ತರ

2025ರ ಏಪ್ರಿಲ್ 8ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ತೀರ್ಪು ಕೊಟ್ಟಿತು. ಎರಡನೇ ಸಲ ಬಂದ ಹತ್ತು ಮಸೂದೆಗಳನ್ನು ಕಾಯ್ದಿರಿಸಿದ್ದು ತಪ್ಪು, ರಾಜ್ಯಪಾಲರು ಸಾಮಾನ್ಯವಾಗಿ ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕು ಎಂದಿತು. ಸಲಹೆಯಂತೆ ತಡೆಹಿಡಿಯಲು ಅಥವಾ ಕಾಯ್ದಿರಿಸಲು ಒಂದು ತಿಂಗಳು, ಸಲಹೆಗೆ ವಿರುದ್ಧವಾದರೆ ಮೂರು ತಿಂಗಳು, ಮರಳಿ ಬಂದ ಮಸೂದೆಗೆ ಒಂದು ತಿಂಗಳು, ರಾಷ್ಟ್ರಪತಿಗೆ ಮೂರು ತಿಂಗಳು ಎಂದು ಗಡುವು ಹಾಕಿತು. ಪೂರ್ಣ ನ್ಯಾಯ ಒದಗಿಸಲು 142ನೇ ವಿಧಿ ತನಗೆ ಕೊಡುವ ಅಧಿಕಾರ ಬಳಸಿ ಹತ್ತೂ ಮಸೂದೆಗಳಿಗೆ ಅಂಕಿತ ಬಿದ್ದಿದೆಯೆಂದೇ ಭಾವಿಸಬೇಕೆಂದು ಸಾರಿತು. ರಾಜ್ಯಪಾಲರ ಸಹಿಯಿಲ್ಲದೆ ಅವು ರಾಜ್ಯಪತ್ರದಲ್ಲಿ ಪ್ರಕಟವಾದವು. ಮೇ 21ರಂದು ಮದ್ರಾಸ್ ಹೈಕೋರ್ಟಿನ ರಜಾಕಾಲದ ಪೀಠ ಕುಲಪತಿ ನೇಮಕದ ಭಾಗಗಳಿಗೆ ತಡೆ ನೀಡಿತು.

ಮೇ 13ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಈ ತೀರ್ಪಿನಿಂದ ಎದ್ದ ಹದಿನಾಲ್ಕು ಪ್ರಶ್ನೆಗಳನ್ನು, ಅಭಿಪ್ರಾಯ ಕೋರಿ, 143ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಕಳಿಸಿದ್ದರು. ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ನೇತೃತ್ವದ ಐವರ ಪೀಠ ನವೆಂಬರ್ 20ರಂದು ಅಭಿಪ್ರಾಯ ಕೊಟ್ಟಿತು. ಸಂವಿಧಾನ ಗಡುವು ಹಾಕದ ಕಡೆ ನ್ಯಾಯಾಲಯ ಗಡುವು ಸೇರಿಸುವಂತಿಲ್ಲ, ಅಂಕಿತ ಬಿದ್ದಿದೆಯೆಂದು ಭಾವಿಸುವುದಕ್ಕೂ ಅವಕಾಶವಿಲ್ಲ, 200ನೇ ವಿಧಿಯ ಆಯ್ಕೆಯಲ್ಲಿ ರಾಜ್ಯಪಾಲರಿಗೆ ವಿವೇಚನೆಯಿದೆ ಎಂದಿತು. ಅದರ ಜೊತೆಗೇ ರಾಜ್ಯಪಾಲರಿಗೆ ಮಿತಿಯನ್ನೂ ಹಾಕಿತು. ಅಂಕಿತ ಹಾಕಬೇಕು, ಕಾಯ್ದಿರಿಸಬೇಕು, ಇಲ್ಲವೇ ತಡೆದು ಟಿಪ್ಪಣಿಯೊಂದಿಗೆ ಹಿಂದಿರುಗಿಸಬೇಕು. ಹಿಂದಿರುಗಿಸದೆ ಸುಮ್ಮನೆ ತಡೆದಿಟ್ಟುಕೊಳ್ಳುವ ನಾಲ್ಕನೇ ದಾರಿ ಇಲ್ಲ. ವಿವರಣೆಯಿಲ್ಲದ ದೀರ್ಘ ನಿಷ್ಕ್ರಿಯತೆ ಕಂಡರೆ, ಸಮಂಜಸ ಸಮಯದೊಳಗೆ ನಿರ್ಧರಿಸಿ ಎಂದಷ್ಟೇ ನ್ಯಾಯಾಲಯ ಸೂಚಿಸಬಹುದು.

ಕರ್ನಾಟಕವೂ ಈ ವಿಚಾರಣೆಯಲ್ಲಿ ರಾಜ್ಯಗಳ ಪರ ವಾದಿಸಿತ್ತು. ಸಾರ್ವಜನಿಕ ಗುತ್ತಿಗೆಗಳಲ್ಲಿ ಮುಸ್ಲಿಮರಿಗೆ ಶೇ 4 ಮೀಸಲಾತಿ ಕೊಡುವ ಮಸೂದೆಯನ್ನು ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅದೇ ಏಪ್ರಿಲ್‌ನಲ್ಲಿ ರಾಷ್ಟ್ರಪತಿಗೆ ಕಾಯ್ದಿರಿಸಿದ್ದರು. ಇಂಥ ಮಸೂದೆಗಳು ಒಳ್ಳೆಯವೋ ಕೆಟ್ಟವೋ ಎಂಬುದು ಬೇರೆ ಚರ್ಚೆ. ಅವುಗಳಿಗೆ ಉತ್ತರ ಯಾವಾಗ ಸಿಗುತ್ತದೆ ಎಂಬುದು ಎಲ್ಲ ರಾಜ್ಯಗಳಿಗೂ ಸಾಮಾನ್ಯವಾದ ಪ್ರಶ್ನೆ.

ಒಂದು ವಿಧಿಯನ್ನು ನೀವೇ ಓದುವುದಾದರೆ

ಮೂಲ ಅರ್ಥದ ಹೆಸರಿನಲ್ಲಿ ಯಾರಾದರೂ ವಾದಿಸಿದಾಗ ತೂಗಿ ನೋಡಲು ನಾಲ್ಕು ಹೆಜ್ಜೆಗಳು ಸಾಕು.

1. ಮೊದಲು ವಿಧಿಯ ಪಠ್ಯವನ್ನು ಪೂರ್ತಿ ಓದಿ, ಮಾತು ಎಲ್ಲಿ ಕೂತಿದೆ ಎಂಬುದನ್ನು ಗಮನಿಸಿ. ಸಾಧ್ಯವಾದಷ್ಟು ಬೇಗ ಎಂಬುದು 200ನೇ ವಿಧಿಯಲ್ಲಿ ಇರುವುದು ಹಿಂದಿರುಗಿಸುವ ಪರಂತುಕದೊಳಗೆ. ಅಂಕಿತ ಹಾಕುವ, ಕಾಯ್ದಿರಿಸುವ ಮುಖ್ಯ ಭಾಗದಲ್ಲಿ ಅದಿಲ್ಲ.

2. ಆಮೇಲೆ ಕರಡಿನ ಚರಿತ್ರೆ ನೋಡಿ. ಯಾವ ಪದ ಬಂತು, ಯಾವುದು ಹೋಯಿತು, ಏಕೆ? ಫಿಲಡೆಲ್ಫಿಯಾಕ್ಕಿಂತ ನಾವು ಇಲ್ಲಿ ಅದೃಷ್ಟವಂತರು. ನಮ್ಮ ರಚನಾ ಸಭೆ ಬಹಿರಂಗವಾಗಿ ಮಾತಾಡಿತು, ಅದರ ಚರ್ಚೆಗಳು ಅಚ್ಚಾಗಿವೆ, ಇಂಟರ್ನೆಟ್ಟಿನಲ್ಲೂ ಉಚಿತವಾಗಿ ಸಿಗುತ್ತವೆ. ತಮಗೆ ಬೇಕಾದ ಒಂದು ಸಾಲು ತೋರಿಸುವವರು ಮುಂದಿನ ದಿನದ ಚರ್ಚೆಯನ್ನು ಮುಚ್ಚಿಟ್ಟಿದ್ದಾರೆಯೇ ಎಂದು ನೋಡಿ.

3. ನಂತರದ ನಡವಳಿಕೆ ಕೇಳಿ. ರಾಷ್ಟ್ರಪತಿ ಆಳ್ವಿಕೆಗೆ ಅವಕಾಶ ಕೊಡುವ 356ನೇ ವಿಧಿಯ ಉದಾಹರಣೆ ನೋಡಿ. 1991ರ ಜನವರಿಯಲ್ಲಿ ಕರುಣಾನಿಧಿ ಸರ್ಕಾರದ ವಿರುದ್ಧ ವರದಿ ಕೊಡಲು ಗಿಂಡಿಯಲ್ಲಿದ್ದ ರಾಜ್ಯಪಾಲ ಸುರ್ಜಿತ್ ಸಿಂಗ್ ಬರ್ನಾಲಾ ಒಪ್ಪಲಿಲ್ಲ. ವರದಿಯಿಂದ ಅಥವಾ ಅನ್ಯಥಾ ಎಂದು 356ನೇ ವಿಧಿ ಹೇಳುವುದರಿಂದ, ವರದಿಯಿಲ್ಲದೆಯೇ ಜನವರಿ 30ರಂದು ಸರ್ಕಾರವನ್ನು ವಜಾ ಮಾಡಲಾಯಿತು. ಈ ವಿಧಿ ಬಳಕೆಗೆ ಬಾರದೆ ಉಳಿಯಲಿ ಎಂದು ಅಂಬೇಡ್ಕರ್ ರಚನಾ ಸಭೆಯಲ್ಲಿ ಆಶಿಸಿದ್ದರು. ಆದದ್ದು ಬೇರೆ. ಕರ್ನಾಟಕದಲ್ಲಿ 1989ರ ಏಪ್ರಿಲ್ 21ರಂದು ವಜಾಗೊಂಡ ಎಸ್.ಆರ್. ಬೊಮ್ಮಾಯಿ ಹೂಡಿದ ಮೊಕದ್ದಮೆಯಲ್ಲಿ, ಬಹುಮತದ ಪರೀಕ್ಷೆ ಸದನದಲ್ಲೇ ನಡೆಯಬೇಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಹೇಳಿದ ಮೇಲೆಯೇ ಈ ದುರ್ಬಳಕೆಗೆ ಕಡಿವಾಣ ಬಿತ್ತು.

4. ಕೊನೆಗೆ ಉದ್ದೇಶ ಕೇಳಿ. ಈ ವಿಧಿ ಯಾವ ಕೆಡುಕನ್ನು ತಡೆಯಲು ಬಂತು? ಈಗಿನ ಓದು ಅದೇ ಕೆಡುಕನ್ನು ವಾಪಸು ಕರೆತರುತ್ತಿದೆಯೇ?

ಈ ನಾಲ್ಕನ್ನು ಗಿಂಡಿಯ ಪ್ರಕರಣಕ್ಕೆ ಹಚ್ಚಿದಾಗ ನನ್ನ ತೀರ್ಮಾನ ಹೀಗಿದೆ. ಚುನಾಯಿತ ಸಭೆಯ ಮೇಲೆ ನೇಮಕಗೊಂಡವರ ಸ್ವಂತ ಇಚ್ಛೆ ನಡೆಯಬಾರದೆಂಬುದು 1949ರ ಸಭೆಯ ಸ್ಪಷ್ಟ ಉದ್ದೇಶ. ವರ್ಷಗಟ್ಟಲೆ ಮಸೂದೆ ಇಟ್ಟುಕೊಳ್ಳುವುದು ಆ ಉದ್ದೇಶಕ್ಕೆ ವಿರುದ್ಧ. ಆದರೆ ತಾನೇ ಬಿಟ್ಟ ಗಡುವನ್ನು ನ್ಯಾಯಾಲಯ ತುಂಬಲಿ ಎಂದು ಆ ಸಭೆ ಹೇಳಿರಲಿಲ್ಲ. ಎರಡೂ ನಿಜ. ಆದ್ದರಿಂದ ಪರಿಹಾರ ಇರುವುದು ಸಂಸತ್ತಿನಲ್ಲಿ.

ಗಡುವು ಬರೆಯುವುದು ಅಸಾಧ್ಯವೇನಲ್ಲ

ಅಮೆರಿಕದ ಸಂವಿಧಾನ ಈ ಒಂದು ವಿಷಯದಲ್ಲಿ ನಮಗಿಂತ ಸ್ಪಷ್ಟ. ಮಸೂದೆ ಕೈಗೆ ಬಂದ ಮೇಲೆ ಅಧ್ಯಕ್ಷರಿಗೆ ಭಾನುವಾರ ಬಿಟ್ಟು ಹತ್ತು ದಿನ. ಅಷ್ಟರಲ್ಲಿ ಹಿಂದಿರುಗಿಸದಿದ್ದರೆ ಸಹಿಯಿಲ್ಲದೆಯೂ ಅದು ಕಾನೂನು. ಕಾಂಗ್ರೆಸ್ ಅಧಿವೇಶನ ಮುಂದೂಡಿ ಹಿಂದಿರುಗಿಸಲು ಆಗದಂತಾದರೆ ಮಾತ್ರ ಮಸೂದೆ ಬಿದ್ದುಹೋಗುತ್ತದೆ. ನಮ್ಮ ಒಂದು ಪೀಠ ಕೊಟ್ಟು ಇನ್ನೊಂದು ತಳ್ಳಿಹಾಕಿದ ಭಾವಿತ ಅಂಕಿತವನ್ನು ಅವರು 1787ರಲ್ಲೇ ಪಠ್ಯದಲ್ಲಿ ಬರೆದಿಟ್ಟರು. ಅಲ್ಲೂ ತಕರಾರು ಬಂದಿತ್ತು. ಹತ್ತು ದಿನವೆಂದರೆ ಸದನ ಸೇರಿದ ದಿನಗಳೋ ಕ್ಯಾಲೆಂಡರಿನ ದಿನಗಳೋ, ಯಾವ ಮುಂದೂಡಿಕೆ ಲೆಕ್ಕಕ್ಕೆ ಬರುತ್ತದೆ ಎಂದು ಕೋರ್ಟಿಗೆ ಹೋದರು. ಕ್ಯಾಲೆಂಡರಿನ ದಿನಗಳೇ ಎಂದು ಸುಪ್ರೀಂ ಕೋರ್ಟ್ 1929ರಲ್ಲಿ ಹೇಳಿತು. ಅಂಕಿ ಬರೆದಮಾತ್ರಕ್ಕೆ ಜಗಳ ಮುಗಿಯುವುದಿಲ್ಲ. ಆದರೆ ಜಗಳ ದಿನಗಳ ಲೆಕ್ಕಕ್ಕೆ ಇಳಿಯುತ್ತದೆ, ವರ್ಷಗಳಿಗೆ ಹಬ್ಬುವುದಿಲ್ಲ.

ತಿದ್ದುಪಡಿ ನಮಗೆ ಅವರಷ್ಟು ಕಷ್ಟವೂ ಅಲ್ಲ. ಅಮೆರಿಕದಲ್ಲಿ ಕಾಂಗ್ರೆಸ್ಸಿನ ಎರಡೂ ಸದನಗಳ ಮೂರನೇ ಎರಡರ ಬೆಂಬಲದ ಮೇಲೆ, ಐವತ್ತರಲ್ಲಿ ಮೂವತ್ತೆಂಟು ರಾಜ್ಯಗಳ ಒಪ್ಪಿಗೆ ಬೇಕು. ಅಲ್ಲಿ ಈವರೆಗೆ ಆಗಿರುವುದು 27 ತಿದ್ದುಪಡಿ ಮಾತ್ರ. ಪಠ್ಯ ಬದಲಿಸಲಾಗದ ಕಡೆ ಅರ್ಥದ ಮೇಲೆ ಜಗಳ ಹೆಚ್ಚುತ್ತದೆ. ನಮ್ಮಲ್ಲಿ 2023ರ ಹೊತ್ತಿಗೆ 106 ತಿದ್ದುಪಡಿಗಳಾಗಿವೆ. ಅರ್ಧದಷ್ಟು ರಾಜ್ಯಗಳ ಅನುಮೋದನೆ ಬೇಕಾದ ವಿಧಿಗಳ ಪಟ್ಟಿ 368ನೇ ವಿಧಿಯಲ್ಲಿದೆ. 200ನೇ ವಿಧಿ ಆ ಪಟ್ಟಿಯಲ್ಲಿಲ್ಲ. ಸಂಸತ್ತಿನ ವಿಶೇಷ ಬಹುಮತ ಸಾಕು.

ಎಷ್ಟು ಗಡುವು ಎಂಬುದಕ್ಕೂ ದಾರಿ ತೋರಿಸಿದವರಿದ್ದಾರೆ. ಬೆಂಗಳೂರಿನವರಾದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲೇ ರಾಜ್ಯಪಾಲರಿಗೆ ನಾಲ್ಕು ತಿಂಗಳ ಗಡುವು ಸೂಚಿಸಿತ್ತು. 2010ರಲ್ಲಿ, ಕೇಂದ್ರ–ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ಪೂಂಛಿ ಆಯೋಗ ಆರು ತಿಂಗಳೆಂದಿತು. ಎರಡು ವರದಿಗಳೂ ಕಪಾಟಿನಲ್ಲಿವೆ. ಕೇಂದ್ರದಲ್ಲಿ ಅಧಿಕಾರಕ್ಕೆ ಬಂದ ಯಾವ ಪಕ್ಷವೂ ರಾಜಭವನದ ಈ ಸಡಿಲನ್ನು ಬಿಗಿ ಮಾಡಲು ಮುಂದಾಗಲಿಲ್ಲ, ಏಕೆಂದರೆ ಅಧಿಕಾರದಲ್ಲಿರುವಷ್ಟು ದಿನ ಆ ಸಡಿಲು ಅವರಿಗೇ ಉಪಯೋಗ.

ಕನ್ನಡದಲ್ಲೂ ಸಿಗುವ ಸಂವಿಧಾನವನ್ನು ಕೈಗೆತ್ತಿಕೊಂಡು 200 ಮತ್ತು 201ನೇ ವಿಧಿಗಳನ್ನು ಓದಿ. ಓದಲು ಹತ್ತು ನಿಮಿಷ ಸಾಕು. ಆಮೇಲೆ ನಿಮ್ಮ ಕ್ಷೇತ್ರದ ಸಂಸದರು ಯಾವ ಪಕ್ಷದವರೇ ಆಗಿರಲಿ, ಅವರನ್ನು ಒಂದೇ ಪ್ರಶ್ನೆ ಕೇಳಿ: ವೆಂಕಟಾಚಲಯ್ಯ ಆಯೋಗ ಹೇಳಿದ ನಾಲ್ಕು ತಿಂಗಳ ಗಡುವನ್ನು ಸಂವಿಧಾನದಲ್ಲಿ ಬರೆಯಲು ನೀವು ಮತ ಹಾಕುತ್ತೀರಾ?